ನಾಲ್ಕಿಂಚಿನ ಮರಿ, ನಾಲ್ಕಡಿಯ ಮೀನು: ಹಾಸನದ ಒಂದು ಮನೆಯ ಪ್ರಕರಣ

ಹಾಸನದ ಹೊರವಲಯದ ಬಡಾವಣೆಯೊಂದರಲ್ಲಿ ಒಂದೂವರೆ ವರ್ಷ ಸಾಕಿ, ಕೊನೆಗೆ ಮನೆಯವರೇ ಬೇರೆಡೆಗೆ ಸಾಗಿಸಬೇಕಾಗಿ ಬಂದ ಒಂದು ಮೀನಿನ ವಿಚಾರವನ್ನು ಇಲ್ಲಿ ದಾಖಲಿಸುತ್ತಿದ್ದೇನೆ. ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಕಲಿಸಿ ನಿವೃತ್ತನಾದವನು ಎಂಬ ಒಂದೇ ಕಾರಣಕ್ಕೆ ಆ ಮನೆಯವರು ನನ್ನನ್ನು ಕರೆಸಿದ್ದರು. ಮೀನು ಸಾಕಣೆಯಲ್ಲಿ ನಾನು ಪರಿಣತನೇನೂ ಅಲ್ಲ. ಮನೆಯವರ ಹೆಸರನ್ನಾಗಲಿ, ಅಂಗಡಿಯ ಹೆಸರನ್ನಾಗಲಿ ಹೇಳುತ್ತಿಲ್ಲ. ಯಾರನ್ನೂ ದೂರುವುದು ಈ ಬರಹದ ಉದ್ದೇಶವಲ್ಲ. ಪ್ರಕರಣದಲ್ಲಿ ಭಾಗಿಯಾದ ಪ್ರತಿಯೊಬ್ಬರೂ ತಮಗೆ ತೋಚಿದ ಮಟ್ಟಿಗೆ ಒಳ್ಳೆಯದನ್ನೇ ಮಾಡಿದ್ದಾರೆ, ಆದರೂ ಫಲ ಮಾತ್ರ ಕೆಟ್ಟದಾಯಿತು.

ಖರೀದಿ

ಜೂನ್ ತಿಂಗಳಲ್ಲಿ, ದ್ವಿತೀಯ ಪಿಯುಸಿಗೆ ಸೇರಿದ ಮೊಮ್ಮಗನಿಗೆ ಅಜ್ಜ ಒಂದು ಗಾಜಿನ ತೊಟ್ಟಿ ಕೊಡಿಸಿದರು. ಮೂರು ಅಡಿ ಉದ್ದ, ಒಂದೂವರೆ ಅಡಿ ಅಗಲ, ಒಂದೂವರೆ ಅಡಿ ಎತ್ತರ. ಅಂಚಿನವರೆಗೆ ತುಂಬಿದರೆ ಸುಮಾರು 190 ಲೀಟರ್ ನೀರು. ನಾಲ್ಕು ಗೋಲ್ಡ್‌ಫಿಶ್, ಆರು ಗಪ್ಪಿಗಳ ಜೊತೆಗೆ, ಮೈಮೇಲೆ ಕಪ್ಪು, ಪಕ್ಕಕ್ಕೆ ಬಿಳಿ ಪಟ್ಟೆ, ಬಾಲಕ್ಕೆ ಕುಂಕುಮದ ಬಣ್ಣ, ಮೂರು ಜೊತೆ ಉದ್ದ ಮೀಸೆಗಳಿದ್ದ ನಾಲ್ಕಿಂಚಿನ ಒಂದು ಮರಿಯೂ ಮನೆಗೆ ಬಂತು. ಅದರ ಬೆಲೆ 400 ರೂಪಾಯಿ. ಅಂಗಡಿಗಳಲ್ಲಿ ಇದನ್ನು ‘ರೆಡ್ ಟೈಲ್’ ಎಂದು ಕರೆಯುತ್ತಾರೆ; ದಕ್ಷಿಣ ಅಮೆರಿಕದ ಅಮೆಜಾನ್ ಮತ್ತು ಒರಿನೋಕೊ ನದಿಗಳ ಕೆಂಪುಬಾಲದ ಕ್ಯಾಟ್‌ಫಿಶ್ ಇದು. ನದಿಯಲ್ಲಿ ನಾಲ್ಕಡಿಯನ್ನು ದಾಟುತ್ತದೆ, ತೂಕ 50 ಕಿಲೋ ಮೀರಬಲ್ಲದು, ಚೆನ್ನಾಗಿ ನೋಡಿಕೊಂಡರೆ ಹದಿನೈದು ವರ್ಷಕ್ಕೂ ಹೆಚ್ಚು ಬದುಕುತ್ತದೆ.

ಹುಡುಗ ಕೇಳಬೇಕಾದ ಪ್ರಶ್ನೆಯನ್ನು ಕೇಳಿಯೇ ಇದ್ದ ಎಂಬುದನ್ನು ಗಮನಿಸಬೇಕು. “ಎಷ್ಟು ದೊಡ್ಡದಾಗುತ್ತೆ ಅಣ್ಣಾ?” ಎಂದದ್ದಕ್ಕೆ ಬಂದ ಉತ್ತರ, “ತೊಟ್ಟಿ ಎಷ್ಟಿದೆಯೋ ಅಷ್ಟಕ್ಕೇ ನಿಂತುಕೊಳ್ಳುತ್ತೆ” ಎಂಬುದು.

ಈ ನಂಬಿಕೆ ಅಕ್ವೇರಿಯಂ ಇಟ್ಟವರಲ್ಲಿ ಬಹಳ ಹಳೆಯದು, ಅದರಲ್ಲಿ ಕಾಲು ಪಾಲು ನಿಜವೂ ಇದೆ. ಇಕ್ಕಟ್ಟಾದ ತೊಟ್ಟಿಯಲ್ಲಿ ಅನೇಕ ಮೀನುಗಳ ಬೆಳವಣಿಗೆ ಕುಂಠಿತವಾಗುತ್ತದೆ. ಆದರೆ ಅದು ಮೀನು ಜಾಗ ನೋಡಿ ಮಾಡಿಕೊಳ್ಳುವ ಹೊಂದಾಣಿಕೆಯಲ್ಲ. ಮೀನು ತಾನು ತಿಂದ ಪ್ರೋಟೀನಿನ ಸಾರಜನಕವನ್ನು ಬಹುಪಾಲು ಅಮೋನಿಯಾ ರೂಪದಲ್ಲಿ ಕಿವಿರುಗಳ ಮೂಲಕವೇ ಹೊರಹಾಕುತ್ತದೆ; ಫಿಲ್ಟರಿನಲ್ಲಿ ನೆಲೆಸುವ ಬ್ಯಾಕ್ಟೀರಿಯಾಗಳು ಅದನ್ನು ಮೊದಲು ನೈಟ್ರೈಟ್ ಆಗಿಯೂ ಆಮೇಲೆ ನೈಟ್ರೇಟ್ ಆಗಿಯೂ ಬದಲಿಸುತ್ತವೆ. ನೀರು ಕಡಿಮೆಯಾಗಿ ಮೀನು ದೊಡ್ಡದಾದಾಗ ಈ ಬದಲಾವಣೆ ಹಿಂದೆ ಬೀಳುತ್ತದೆ, ಹಸಿವು ಇಂಗುತ್ತದೆ, ಬೆನ್ನು ಡೊಂಕಾಗುತ್ತದೆ. ಮಗುವಿಗೆ ಹೊಟ್ಟೆಗೆ ಹಾಕದೆ ಗಿಡ್ಡವಾಗಿ ಉಳಿಸಿ, ಮನೆಗೆ ತಕ್ಕಂತೆ ಬೆಳೆದಿದೆ ಎಂದು ಹೇಳಿದ ಹಾಗೆ. ಕೆಂಪುಬಾಲದ ವಿಷಯದಲ್ಲಂತೂ ಈ ಕಾಲು ಪಾಲು ನಿಜವೂ ಕೆಲಸಕ್ಕೆ ಬಾರದು, ಏಕೆಂದರೆ ಅದು ಇತರ ಮೀನುಗಳು ಸೊರಗುವ ನೀರಿನಲ್ಲೂ ತಿನ್ನುತ್ತಲೇ ಇರುತ್ತದೆ, ಬೆಳೆಯುತ್ತಲೇ ಇರುತ್ತದೆ.

ಬೆಳವಣಿಗೆ

ಹುಡುಗ ತನ್ನ ನೋಟ್‌ಬುಕ್ಕಿನ ಹಿಂದಿನ ಪುಟದಲ್ಲಿ ಅಳತೆ ಬರೆದಿಟ್ಟಿದ್ದ. ನಾನು ಈ ಪ್ರಕರಣವನ್ನು ಬರೆಯಲು ಮನಸ್ಸು ಮಾಡಿದ್ದೇ ಆ ಪುಟವನ್ನು ನೋಡಿ. ಅಕ್ಟೋಬರಿನಲ್ಲಿ ಒಂಬತ್ತು ಇಂಚು. ಅಷ್ಟರೊಳಗೆ ಗಪ್ಪಿಗಳೆಲ್ಲ ಮುಗಿದು, ಗೋಲ್ಡ್‌ಫಿಶ್‌ಗಳಲ್ಲಿ ಒಂದೇ ಉಳಿದಿತ್ತು. ಜನವರಿಯಲ್ಲಿ ಹದಿನೈದು ಇಂಚು. ಮಾರ್ಚಿನಲ್ಲಿ ನೀರಿನ ಥರ್ಮಾಮೀಟರನ್ನು ನುಂಗಿ ಎರಡು ದಿನದ ಮೇಲೆ ಕಕ್ಕಿತು. ಬಾಯಿಗೆ ಹಿಡಿಸುವುದನ್ನೆಲ್ಲ ಒಮ್ಮೆ ನುಂಗಿ ನೋಡುವುದು ಈ ಜಾತಿಯ ಪ್ರಸಿದ್ಧ ಚಾಳಿ. ಮುಂದಿನ ಜೂನಿಗೆ ಇಪ್ಪತ್ತೆರಡು ಇಂಚು. ತೊಟ್ಟಿಯ ಅಗಲವೇ ಹದಿನೆಂಟು ಇಂಚು. ಅಂದರೆ ಮೀನು ಹಿಂದಕ್ಕೆ ತಿರುಗಬೇಕಾದರೆ ಬಿಲ್ಲಿನಂತೆ ಬಾಗಿ, ಮೂತಿಯನ್ನು ಗಾಜಿಗೆ ಉಜ್ಜಿಕೊಂಡೇ ತಿರುಗಬೇಕಾಗಿತ್ತು.

ಅದು ಮಾಂಸ ಬೇಯಿಸದ ಮನೆ. ಮೊದಲು ಕಾಳಿನಂಥ ಒಣ ಆಹಾರದಲ್ಲಿ ಕಾಲ ಕಳೆದ ಮೀನಿಗೆ ಆಮೇಲೆ ಬೂತಾಯಿ, ಸಿಗಡಿ, ಕೋಳಿಯ ಈಲಿ ಬೇಕಾಯಿತು. ಹಿತ್ತಲಿನಲ್ಲಿ ಒಂದು ಪ್ರತ್ಯೇಕ ಹಲಗೆ, ಒಂದು ಪ್ರತ್ಯೇಕ ಚಾಕು, ಹಾಲು ಮೊಸರಿನ ಫ್ರಿಜ್ಜಿಗೆ ಸೇರದ ಇನ್ನೊಂದು ಹಳೆಯ ಫ್ರಿಜ್ಜು ಬಂದವು. ಅಜ್ಜಿ ಮೂಗು ಹಿಡಿದುಕೊಂಡು ಸಹಿಸಿದರು. ಅಷ್ಟಾದರೂ ಮೀನಿನ ಮೇಲೆ ಯಾರಿಗೂ ಬೇಸರವಿರಲಿಲ್ಲ. ಅಜ್ಜ ಬಂದು ನಿಂತರೆ ಅದು ಮೇಲಕ್ಕೆ ಬಂದು ಅಂಗೈಗೆ ಮೂತಿ ತಾಗಿಸುತ್ತಿತ್ತು. ‘ಹಾಗಿದ್ದರೆ ಕೊಂಡದ್ದೇಕೆ’ ಎಂದು ಹೊರಗಿನವರು ಸುಲಭವಾಗಿ ಕೇಳುತ್ತಾರೆ. ಆ ಮೀನನ್ನು ನೋಡಿದ ಮೇಲೆ ನನಗಂತೂ ಹಾಗೆ ಕೇಳಲು ಬಾಯಿ ಬರಲಿಲ್ಲ.

ಜುಲೈನಲ್ಲಿ ಹಿತ್ತಲಿನಲ್ಲಿ ಎಂಟು ಅಡಿ ಉದ್ದ, ನಾಲ್ಕು ಅಡಿ ಅಗಲ, ಮೂರು ಅಡಿ ಆಳದ ಸಿಮೆಂಟ್ ತೊಟ್ಟಿ ಕಟ್ಟಿಸಿದರು. ಸುಮಾರು 2,700 ಲೀಟರ್. ಹೊಸ ಸಿಮೆಂಟಿನಿಂದ ಸುಣ್ಣದಂಶ ನೀರಿಗೆ ಇಳಿದು ಪಿಎಚ್, ಅಂದರೆ ನೀರಿನ ಕ್ಷಾರತೆಯ ಅಳತೆ, ಏರುತ್ತದೆ ಎಂದು ಗಾರೆಯವರಿಗೆ ಹೇಗೆ ಗೊತ್ತಿರಬೇಕು? ಎರಡು ಸಲ ನೀರು ತುಂಬಿ ಚೆಲ್ಲಿ, ಹತ್ತು ದಿನಕ್ಕೆ ಮೀನನ್ನು ಬಿಟ್ಟರು.

ಡಿಸೆಂಬರ್ ಕೊನೆಯ ವಾರದಲ್ಲಿ ನಾನು ಹೋದಾಗ ಮೀನು 27 ಇಂಚು, ಅಂದರೆ ಸುಮಾರು 69 ಸೆಂಟಿಮೀಟರ್ ಇತ್ತು. ಎರಡು ದಿನದಿಂದ ಏನನ್ನೂ ಮುಟ್ಟಿರಲಿಲ್ಲ. ಬೆಳಗಿನ ಆರೂವರೆಗೆ ನೀರಿನ ಉಷ್ಣತೆ 18 ಡಿಗ್ರಿ. ಹಾಸನ ಸಮುದ್ರಮಟ್ಟದಿಂದ 900 ಮೀಟರಿಗೂ ಎತ್ತರದಲ್ಲಿರುವ ಊರು. ಇಲ್ಲಿನ ಮಾಗಿ ನಮಗೆ ಹಿತವಾದರೂ ಸಮಭಾಜಕದ ನದಿಯಿಂದ ಬಂದ ಮೀನಿಗಲ್ಲ. ಪಿಎಚ್ 8.4 ಇತ್ತು, ಅಮೋನಿಯಾ ಪರೀಕ್ಷೆಯ ಕೊಳವೆಯಲ್ಲಿ ಬಣ್ಣ ಹಸಿರಿಗೆ ತಿರುಗಿತು, ಅಂದರೆ ನೀರಿನಲ್ಲಿ ಅಮೋನಿಯಾ ಉಳಿದಿತ್ತು. ಇವೆರಡನ್ನೂ ಒಟ್ಟಿಗೆ ಓದಬೇಕು: ನೀರು ಕ್ಷಾರೀಯವಾದಷ್ಟೂ ಅಮೋನಿಯಾದ ಹೆಚ್ಚಿನ ಭಾಗ ಕಿವಿರನ್ನು ಸುಡುವ ವಿಷರೂಪದಲ್ಲಿರುತ್ತದೆ. ಚಳಿ ಆ ವಿಷವನ್ನು ಸ್ವಲ್ಪ ತಗ್ಗಿಸುತ್ತದೆ ನಿಜ, ಆದರೆ ಅದೇ ಚಳಿ ಫಿಲ್ಟರಿನ ಬ್ಯಾಕ್ಟೀರಿಯಾಗಳನ್ನೂ ಮಂದಗೊಳಿಸುತ್ತದೆ. ಮೀಸೆಗಳಲ್ಲಿ ಎರಡು ತುಂಡಾಗಿದ್ದವು, ಮೂತಿಯ ಮೇಲೆ ಹಳೆಯ ಗಾಯ ಬಿಳಿಚಿತ್ತು.

ಮುಂದಿನ ದಾರಿಗಳು

ಮೂರನೇ ಒಂದು ಭಾಗ ನೀರನ್ನು ದಿನ ಬಿಟ್ಟು ದಿನ ಬದಲಿಸುವುದು, ತೊಟ್ಟಿಗೆ ತಗಡಿನ ಮುಚ್ಚಳ, ಎರಡು ಹೀಟರು, ಊಟಕ್ಕೆ ಕಡಿವಾಣ: ತಕ್ಷಣದ ಉಪಚಾರ ಇಷ್ಟೇ. ಒಂದು ವಾರದಲ್ಲಿ ಮೀನು ಚೇತರಿಸಿಕೊಂಡಿತು. ಆಮೇಲೆ ಹಜಾರದಲ್ಲಿ ಎಲ್ಲರೂ ಕುಳಿತು ನಿಜವಾದ ಪ್ರಶ್ನೆಗೆ ಬಂದೆವು.

ಮನೆಯಲ್ಲೇ ದೊಡ್ಡ ತೊಟ್ಟಿ ಕಟ್ಟುವ ವಿಚಾರ ಮೊದಲು ಬಂತು. ನಾಲ್ಕಡಿಯ ಮೀನು ಸಲೀಸಾಗಿ ತಿರುಗಿ ಈಜಲು ಹದಿನೈದು ಅಡಿ ಉದ್ದ, ಎಂಟು ಅಡಿ ಅಗಲ, ನಾಲ್ಕು ಅಡಿ ನೀರು ಇರಲಿ ಎಂದುಕೊಂಡರೆ 13,500 ಲೀಟರ್ ದಾಟುತ್ತದೆ. ಹಿತ್ತಲಲ್ಲಿ ಅಷ್ಟು ಜಾಗವಿರಲಿಲ್ಲ. ಖಾಲಿ ಬಿದ್ದಿರುವ ಮಹಡಿಯ ಹಾಲ್‌ನಲ್ಲಿ ಕಟ್ಟಿಸೋಣ ಎಂದು ಅಜ್ಜ ಹೇಳಿದಾಗ, ಸಿವಿಲ್ ಎಂಜಿನಿಯರ್ ಆಗಿರುವ ಅಳಿಯ ಕಾಗದದ ಮೇಲೆ ಲೆಕ್ಕ ಹಾಕಿ ತೋರಿಸಿದರು: ವಾಸದ ಮನೆಯ ನೆಲಹಾಸನ್ನು ಚದರ ಮೀಟರಿಗೆ ಸುಮಾರು 200 ಕಿಲೋ ಭಾರಕ್ಕೆ ವಿನ್ಯಾಸ ಮಾಡಿರುತ್ತಾರೆ, ನಾಲ್ಕು ಅಡಿ ನೀರು ನಿಂತರೆ ಅದೇ ಚದರ ಮೀಟರಿನ ಮೇಲೆ 1,200 ಕಿಲೋ. ಆ ಮಾತು ಅಲ್ಲಿಗೇ ನಿಂತಿತು.

ಅಂಗಡಿಗೆ ವಾಪಸು ಕೊಡುವ ಮಾತು ಅದಕ್ಕಿಂತ ಬೇಗ ಮುಗಿಯಿತು. ಅವರ ಅತಿ ದೊಡ್ಡ ತೊಟ್ಟಿಯೇ ಐದು ಅಡಿಯದು.

ನೀರಿಗೆ ಬಿಡುವ ಪ್ರಸ್ತಾಪ ಬಂದಾಗ ಮಾತ್ರ ಚರ್ಚೆ ಗಂಭೀರವಾಯಿತು. ಈ ಪ್ರಕರಣದ ತಿರುಳೂ ಅಲ್ಲಿಯೇ ಇದೆ. ಅರಕಲಗೂಡು ತಾಲ್ಲೂಕಿನ ರಾಮನಾಥಪುರ ಆ ಮನೆಯವರು ನಡೆದುಕೊಳ್ಳುವ ಕ್ಷೇತ್ರ. ಅಲ್ಲಿ ಕಾವೇರಿಯ ವಹ್ನಿ ಪುಷ್ಕರಣಿಯಲ್ಲಿ ದೇವರ ಮೀನುಗಳಿವೆ; ಯಾರೂ ಹಿಡಿಯುವುದಿಲ್ಲ, ಭಕ್ತರು ಪುರಿ ಎರಚಿದರೆ ಮೊಳಕೈ ಉದ್ದದ ಮೀನುಗಳು ಒಂದರ ಮೇಲೊಂದು ಬಿದ್ದು ಮೇಲೇಳುತ್ತವೆ. ಅಜ್ಜಿ ನನ್ನನ್ನು ಕೇಳಿದರು: “ಮೇಷ್ಟ್ರೇ, ಅಷ್ಟೊಂದು ಮೀನಿನ ಜೊತೆ ಇದೂ ಒಂದು ಇರಲಿ ಬಿಡಿ. ಕಟ್ಟಿಹಾಕಿದ ಪಾಪ ಕಳೆದು, ಬಿಟ್ಟ ಪುಣ್ಯ ಬರುತ್ತಲ್ಲ?”

ಈ ಮಾತಿಗೆ ಪ್ರತಿಯಾಗಿ ‘ಪರಿಸರ ಹಾಳಾಗುತ್ತದೆ’ ಎಂದುಬಿಟ್ಟರೆ ಉತ್ತರ ಕೊಟ್ಟಂತಾಗುವುದಿಲ್ಲ. ಸೆರೆಯಿಂದ ಬಿಡಿಸುವುದು ಪುಣ್ಯ ಎಂಬ ಭಾವನೆ ನಮ್ಮಲ್ಲಿ ಗಾಢವಾದದ್ದು, ಗೌರವಿಸಬೇಕಾದದ್ದೂ ಹೌದು. ನಾನು ಹೇಳಿದ್ದು ಇಷ್ಟು: ಅದು ಆ ಮೀನುಗಳ ಜೊತೆ ಇರುವುದಿಲ್ಲ, ಆ ಮೀನುಗಳನ್ನು ತಿಂದುಕೊಂಡು ಇರುತ್ತದೆ, ನಿಮ್ಮ ಗೋಲ್ಡ್‌ಫಿಶ್‌ಗಳಿಗೆ ಆದದ್ದೇ ಅಲ್ಲಿನ ಮರಿಗಳಿಗೂ ಆಗುತ್ತದೆ. ಅಜ್ಜಿ ಬಹಳ ಹೊತ್ತು ಮಾತಾಡಲಿಲ್ಲ.

ಒಂಟಿ ಮೀನು ಸಂತಾನ ಬೆಳೆಸಲಾರದು ಎಂದು ಹುಡುಗ ವಾದಿಸಿದ, ಅದು ಸರಿಯಾದ ವಾದವೇ. ಆದರೆ ಒಂದೇ ಊರಿನಲ್ಲಿ ಒಂದೇ ಅಂಗಡಿಯಿಂದ ಒಂದೇ ವರ್ಷ ಮರಿ ಕೊಂಡವರೆಲ್ಲರಿಗೂ ಹೆಚ್ಚುಕಡಿಮೆ ಒಂದೇ ಕಾಲಕ್ಕೆ ಇದೇ ಯೋಚನೆ ಬರುತ್ತದೆ, ಹತ್ತಿರದ ನೀರೂ ಎಲ್ಲರಿಗೂ ಅದೇ. 2018ರ ಆಗಸ್ಟ್ ಪ್ರವಾಹದ ನಂತರ ಕೇರಳದ ಚಾಲಕುಡಿ ಹೊಳೆಯಲ್ಲಿ ಅಮೆಜಾನಿನ ಅರಪೈಮಾ ಬಲೆಗೆ ಬಿತ್ತು. ಸಾಕುಕೊಳಗಳು ಒಡೆದು ಹೊರಬಂದವು ಅವು. 2023ರಲ್ಲಿ ಶ್ರೀನಗರದ ದಾಲ್ ಸರೋವರದಲ್ಲಿ ಉತ್ತರ ಅಮೆರಿಕದ ಅಲಿಗೇಟರ್ ಗಾರ್ ಸಿಕ್ಕಿತು. ಗಾಜಿಗೆ ಅಂಟಿಕೊಂಡು ಪಾಚಿ ತಿನ್ನಲೆಂದು ಮಾರುವ ಸಕ್ಕರ್ ಮೀನು ದಕ್ಷಿಣ ಭಾರತದ ಹಲವು ಕೆರೆ ಹೊಳೆಗಳಲ್ಲಿ ಈಗ ಸಂಸಾರ ಹೂಡಿದೆ.

ಇಲ್ಲಿ ಒಂದು ಮಾತನ್ನು ಸೇರಿಸದಿದ್ದರೆ ಅಪ್ರಾಮಾಣಿಕತೆಯಾಗುತ್ತದೆ. ನಮ್ಮ ಕಾವೇರಿ ಈಗಾಗಲೇ ಹೊರಗಿನವರನ್ನು ಕಾಣದ ನದಿಯೇನಲ್ಲ. 1952ರಲ್ಲಿ ದೇಶಕ್ಕೆ ತಂದ ತಿಲಾಪಿಯಾ ‘ಜಿಲೇಬಿ’ ಎಂಬ ಹೆಸರಿನಲ್ಲಿ ನಮ್ಮ ಕೆರೆಗಳದ್ದೇ ಮೀನಾಗಿ ಹೋಗಿದೆ, ಗಂಗೆಯ ಕಾಟ್ಲಾ ರೋಹುಗಳನ್ನು ಜಲಾಶಯಗಳಿಗೆ ನಾವೇ ಬಿತ್ತುತ್ತೇವೆ. ಇನ್ನೂ ನೋವಿನ ಸಂಗತಿಯೆಂದರೆ, ಕಾವೇರಿಯಲ್ಲಿ ಮಾತ್ರ ಇರುವ, ಬಿಳಿಮೀನು ಎಂದು ಕರೆಯುವ ಗೂನುಬೆನ್ನಿನ ಮಹಶೀರ್ 2018ರಲ್ಲಿ ತೀವ್ರ ಅಳಿವಿನಂಚಿನ ಜೀವಿಗಳ ಪಟ್ಟಿಗೆ ಸೇರಿತು. ಅದರ ಜಾಗವನ್ನು ಆಕ್ರಮಿಸಿದ್ದು, ಮಹಶೀರ್ ಸಂತತಿ ಉಳಿಯಲಿ ಎಂಬ ಸದುದ್ದೇಶದಿಂದಲೇ ಮಹಾರಾಷ್ಟ್ರದ ಲೋಣಾವಳದ ಮರಿಕೇಂದ್ರದಿಂದ ತಂದು ಬಿಟ್ಟ ನೀಲಿರೆಕ್ಕೆಯ ಮಹಶೀರ್. ನೀರಿಗೆ ಬಿಟ್ಟವರ ಮನಸ್ಸು ಒಳ್ಳೆಯದಿತ್ತೇ ಎಂದು ನೀರು ಕೇಳುವುದಿಲ್ಲ.

ಸಕಲೇಶಪುರದ ಕಡೆ ಕಾಫಿ ತೋಟವಿರುವ ನೆಂಟರೊಬ್ಬರು ತಮ್ಮ ಕೃಷಿ ಹೊಂಡದಲ್ಲಿ ಇರಿಸಿಕೊಳ್ಳಲು ಒಪ್ಪಿದ್ದರು. ಮೇಲ್ನೋಟಕ್ಕೆ ಇದಕ್ಕಿಂತ ಒಳ್ಳೆಯ ಪರಿಹಾರವಿಲ್ಲ ಎನಿಸಿತು. ಆದರೆ ಆ ಹೊಂಡ ಪ್ರತಿ ವರ್ಷ ಆಷಾಢದ ಮಳೆಗೆ ಕೋಡಿ ಬೀಳುತ್ತದೆ, ಕೋಡಿಯ ನೀರು ಹಳ್ಳ ಸೇರುತ್ತದೆ, ಹಳ್ಳ ಹೇಮಾವತಿಗೆ ಇಳಿಯುತ್ತದೆ, ಹೇಮಾವತಿ ಗೊರೂರು ಜಲಾಶಯವನ್ನು ತುಂಬಿಸಿ ಮುಂದೆ ಕೃಷ್ಣರಾಜಸಾಗರದಲ್ಲಿ ಕಾವೇರಿಯನ್ನು ಕೂಡುತ್ತದೆ. ಹೊಂಡಕ್ಕೆ ಬಿಡುವುದೂ ಒಂದೆರಡು ಮಳೆಗಾಲ ತಡೆದು ಹೊಳೆಗೆ ಬಿಟ್ಟಂತೆಯೇ.

ಕೊನೆಯದಾಗಿ ನಾನು ದಯಾಮರಣದ ಮಾತನ್ನೂ ಎತ್ತಿದೆ. ಲವಂಗದ ಎಣ್ಣೆಯ ಅಂಶವಾದ ಯುಜೆನಾಲ್ ಹೆಚ್ಚಿನ ಪ್ರಮಾಣದಲ್ಲಿ ಬೆರೆತ ನೀರಿನಲ್ಲಿ ಮೀನು ಪ್ರಜ್ಞೆ ತಪ್ಪಿ, ನೋವಿಲ್ಲದೆ ಸಾಯುತ್ತದೆ. ಪಶುವೈದ್ಯರ ಸಮ್ಮುಖದಲ್ಲಿ ಮಾಡಬಹುದಾದ ಕೆಲಸ. ಇಕ್ಕಟ್ಟಿನಲ್ಲಿ ವರ್ಷಗಟ್ಟಲೆ ನರಳುವುದಕ್ಕಿಂತ, ಹೊಳೆಗೆ ಸೇರಿ ನೂರು ಜೀವ ತಿನ್ನುವುದಕ್ಕಿಂತ ಅದು ಮೇಲು ಎಂದೇ ಇಂದಿಗೂ ನಂಬಿದ್ದೇನೆ. ಅಜ್ಜ ಎದ್ದು ಹಿತ್ತಲಿಗೆ ಹೋದರು. ನಾನು ಮತ್ತೆ ಆ ಮಾತು ಆಡಲಿಲ್ಲ.

ಸಾಗಣೆ

ಹುಡುಗ ಮೂರು ವಾರ ಫೋನಿನಲ್ಲೇ ಹುಡುಕಿ, ಬೆಂಗಳೂರಿನ ಹೊರವಲಯದಲ್ಲಿ ಶೆಡ್ಡಿನೊಳಗೆ ದೊಡ್ಡ ಕೊಳ ಕಟ್ಟಿಕೊಂಡು ಇಂಥ ಮೀನುಗಳನ್ನೇ ಸಾಕುವ ಒಬ್ಬರನ್ನು ಪತ್ತೆ ಹಚ್ಚಿದ. ಅದಕ್ಕೂ ಮೊದಲು ಮೂವರು ಒಲ್ಲೆ ಎಂದಿದ್ದರು. ಎರಡು ದಿನ ಉಪವಾಸವಿಟ್ಟು, 500 ಲೀಟರಿನ ಟ್ಯಾಂಕಿನಲ್ಲಿ, ಬ್ಯಾಟರಿಯ ಏರ್ ಪಂಪ್ ಹಚ್ಚಿ, ಬಾಡಿಗೆಯ ಸಣ್ಣ ಗೂಡ್ಸ್ ಗಾಡಿಯಲ್ಲಿ ರಾತ್ರಿಯ ಹೊತ್ತು ಚನ್ನರಾಯಪಟ್ಟಣ, ಕುಣಿಗಲ್ ಮಾರ್ಗವಾಗಿ ಸಾಗಿಸಿದೆವು. ಬಾಡಿಗೆಯೇ 6,500 ರೂಪಾಯಿ. ಗಾಜಿನ ತೊಟ್ಟಿ, ಸಿಮೆಂಟ್ ತೊಟ್ಟಿ, ಪಂಪು, ಹೀಟರು, ಆಹಾರ ಎಲ್ಲವನ್ನೂ ಕೂಡಿಸಿ ಅಜ್ಜ ತೋರಿಸಿದ ಲೆಕ್ಕ 58,000 ರೂಪಾಯಿ ದಾಟಿತ್ತು. 400 ರೂಪಾಯಿಯ ಮೀನಿಗೆ.

ಆ ಕೊಳದಲ್ಲಿ ಆಗಲೇ ಐದು ಕೆಂಪುಬಾಲಗಳಿದ್ದವು, ಐದೂ ಯಾರೋ ಸಾಕಲಾರದೆ ತಂದುಕೊಟ್ಟವು. “ಇದು ಕೊನೇದು ಸಾರ್, ಇನ್ನು ಯಾರಿಗೂ ನನ್ನ ನಂಬರ್ ಕೊಡಬೇಡಿ” ಎಂದು ಆತ ಕೈಮುಗಿದರು. ಒಂದು ಮೀನಿನ ಮಟ್ಟಿಗೆ ಪ್ರಕರಣ ಸುಖಾಂತ್ಯವೆನ್ನಬಹುದು; ಮುಂದಿನ ಮನೆಯವರಿಗೆ ಈ ದಾರಿ ಮುಚ್ಚಿದೆ.

ಮಾರಾಟದ ಪ್ರಶ್ನೆ

ಕಾನೂನು ಏನೂ ಹೇಳುವುದಿಲ್ಲ ಎಂಬುದು ತಪ್ಪು. 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ ಪ್ರಕಾರ ಮನುಷ್ಯನನ್ನು ಬಿಟ್ಟು ಎಲ್ಲ ಜೀವಿಯೂ ಪ್ರಾಣಿಯೇ, ಮೀನೂ ಅದರಲ್ಲಿ ಸೇರುತ್ತದೆ. ಚಲನೆಗೆ ಸಾಕಷ್ಟು ಎತ್ತರ, ಉದ್ದ, ಅಗಲವಿಲ್ಲದ ಪಂಜರ ಅಥವಾ ಪಾತ್ರೆಯಲ್ಲಿ ಪ್ರಾಣಿಯನ್ನು ಇಡುವುದು ಅದರ 11ನೇ ಕಲಮಿನಡಿ ಅಪರಾಧ. ಮೊದಲ ತಪ್ಪಿಗೆ ದಂಡ ಕನಿಷ್ಠ 10 ರೂಪಾಯಿ, ಗರಿಷ್ಠ 50 ರೂಪಾಯಿ. ಅರಪೈಮಾ, ಏಷ್ಯಾದ ಅರೋವಾನಾಗಳಂಥ ಮೀನುಗಳು ವನ್ಯಜೀವಿಗಳ ಅಂತರರಾಷ್ಟ್ರೀಯ ವ್ಯಾಪಾರ ಒಪ್ಪಂದದ (ಸೈಟಿಸ್) ಪಟ್ಟಿಯಲ್ಲಿರುವುದರಿಂದ, 2022ರ ತಿದ್ದುಪಡಿಯ ನಂತರ ನಮ್ಮ ವನ್ಯಜೀವಿ ಕಾಯ್ದೆಯಡಿ ಅವುಗಳನ್ನು ಇಟ್ಟುಕೊಂಡವರು ನೋಂದಾಯಿಸಬೇಕು. ಕೆಂಪುಬಾಲ ಆ ಪಟ್ಟಿಯಲ್ಲಿಲ್ಲ. ಆ ಪಟ್ಟಿ ವ್ಯಾಪಾರದಿಂದ ಅಪಾಯಕ್ಕೊಳಗಾಗುವ ಜಾತಿಗಳನ್ನು ಕಾಯುತ್ತದೆಯೇ ಹೊರತು, ಮೂರಡಿಯ ತೊಟ್ಟಿಗೆ ಯಾವುದು ಹಿಡಿಸುವುದಿಲ್ಲ ಎಂಬುದನ್ನು ನೋಡುವುದಿಲ್ಲ. ಜಪಾನ್ 2018ರಲ್ಲಿ ಗಾರ್ ಮೀನುಗಳ ಇಡೀ ಕುಟುಂಬವನ್ನೇ ಆಕ್ರಮಣಕಾರಿ ಜೀವಿಗಳ ಪಟ್ಟಿಗೆ ಸೇರಿಸಿ, ಅನುಮತಿಯಿಲ್ಲದೆ ಸಾಕುವುದನ್ನು ನಿಷೇಧಿಸಿತು.

ಸಾಕುವುದನ್ನೇ ಪೂರ್ತಿ ನಿಷೇಧಿಸಬೇಕೆಂಬ ಪಕ್ಷ ನನ್ನದಲ್ಲ. ಬೆಂಗಳೂರಿನ ಆ ಕೊಳದ ಮೀನುಗಳು ಚೆನ್ನಾಗಿವೆ, ಸಾಕುವವರಿಗೆ ಅವುಗಳ ಬಗ್ಗೆ ನನಗಿಂತ ಹೆಚ್ಚು ಗೊತ್ತಿದೆ. ತಪ್ಪಿರುವುದು ಮಾರಾಟದ ರೀತಿಯಲ್ಲಿ. ಆಗ್ನೇಯ ಏಷ್ಯಾದ ಕೇಂದ್ರಗಳಲ್ಲಿ ಹಾರ್ಮೋನ್ ಚುಚ್ಚಿ ಮೊಟ್ಟೆಯಿಡಿಸುತ್ತಾರೆ, ಒಂದು ಹೆಣ್ಣಿನಿಂದ ಸಾವಿರಗಟ್ಟಲೆ ಮರಿ ಬರುತ್ತದೆ. ಆದ್ದರಿಂದ ಹದಿನೈದು ವರ್ಷ ಬದುಕಿ ನಾಲ್ಕಡಿ ಬೆಳೆಯುವ ಪ್ರಾಣಿ ಒಂದು ಜೊತೆ ಚಪ್ಪಲಿಯ ಬೆಲೆಗೆ ಸಿಗುತ್ತದೆ, ಗಪ್ಪಿಗಳ ಪಕ್ಕದಲ್ಲೇ ಸಿಗುತ್ತದೆ. ಜಾಗವಿರುವವರು ದೇಶದಲ್ಲಿ ಬೆರಳೆಣಿಕೆಯಷ್ಟು, ಮರಿಯನ್ನು ಮಾತ್ರ ಹಾದಿಹೋಕರಿಗೆಲ್ಲ ತೋರಿಸಿ ಮಾರುತ್ತೇವೆ. ಇಂಥ ಜಾತಿಗಳನ್ನು ಅಂಗಡಿಯ ತೊಟ್ಟಿಯಲ್ಲಿ ಪ್ರದರ್ಶನಕ್ಕಿಡದೆ, ಕೊಳ ಇರುವುದನ್ನು ತೋರಿಸಿದವರಿಗೆ ಮಾತ್ರ ಮುಂಗಡ ಕೋರಿಕೆಯ ಮೇಲೆ ತರಿಸಿಕೊಡಬೇಕು. ಉಳಿದಂತೆ ಮಾರಕೂಡದು ಎಂಬುದು ನನ್ನ ಅಭಿಪ್ರಾಯ.

ಈ ಅಭಿಪ್ರಾಯಕ್ಕೆ ನಾನು ಒಂದೇ ಹೆಜ್ಜೆಗೆ ಬರಲಿಲ್ಲ. ಫೆಬ್ರುವರಿಯಲ್ಲಿ ಹುಡುಗನನ್ನು ಕರೆದುಕೊಂಡು ಅದೇ ಅಂಗಡಿಗೆ ಹೋಗಿ, ನಿಷೇಧದ ಮಾತೆತ್ತದೆ, ಬೆಳೆದ ಮೇಲೆ ಎಷ್ಟುದ್ದವಾಗುತ್ತದೆ ಎಂಬುದನ್ನು ತೊಟ್ಟಿಯ ಮೇಲೆ ಬರೆದಿಡಿ ಎಂದಷ್ಟೇ ಕೇಳಿದ್ದೆ. ಅಂಗಡಿಯವರು ಸಜ್ಜನರು. ಚೆನ್ನೈನ ಕೊಳತ್ತೂರಿನಿಂದ ಬರುವ ಪೆಟ್ಟಿಗೆಯಲ್ಲಿ ಬಗೆಬಗೆಯ ಮರಿಗಳು ಬೆರೆತೇ ಬರುತ್ತವೆಂದೂ, ತಾವು ಮಾರದಿದ್ದರೆ ಹುಡುಗರು ಬಸ್ಸಿನ ಪಾರ್ಸೆಲ್ಲಿನಲ್ಲಿ ತರಿಸಿಕೊಳ್ಳುತ್ತಾರೆಂದೂ ಹೇಳಿದರು. ತೊಟ್ಟಿಯ ಅಳತೆಗೇ ಮೀನು ನಿಂತುಕೊಳ್ಳುತ್ತದೆ ಎಂದು ತಮಗೂ ಯಾರೋ ಹೇಳಿದ್ದೇ ಎಂದರು. ಹುಡುಗನ ನೋಟ್‌ಬುಕ್ಕಿನ ಅಳತೆಗಳನ್ನು ಮನಸ್ಸಿಟ್ಟು ಓದಿ, ಅಂದೇ ದಪ್ಪ ಅಕ್ಷರದಲ್ಲಿ ಚೀಟಿ ಬರೆದು ಅಂಟಿಸಿದರು: ‘ಎಚ್ಚರಿಕೆ, 4 ಅಡಿ ಬೆಳೆಯುತ್ತದೆ.’

ಒಂದು ತಿಂಗಳ ನಂತರ ಹೋದಾಗ ಆ ತೊಟ್ಟಿ ಖಾಲಿಯಾಗಿತ್ತು. ಆರು ಮರಿಗಳೂ ಚೀಟಿ ಹಾಕಿದ ಹದಿನೈದು ದಿನದಲ್ಲೇ ಮಾರಾಟವಾಗಿದ್ದವು. ನಾಲ್ಕಡಿ ಎಂಬುದನ್ನು ಓದಿಯೇ ಹುಡುಗರು ಹುಡುಕಿಕೊಂಡು ಬಂದಿದ್ದರಂತೆ. ನನ್ನ ಸಲಹೆ ಜಾಹೀರಾತಾಗಿತ್ತು. ಅಂಗಡಿಯವರು ಸಂಕೋಚದಿಂದಲೇ ಇದನ್ನು ಹೇಳಿ, ಎರಡನೇ ಸಲ ತರಿಸಿದ ಮರಿಗಳ ವಿಷಯವನ್ನೂ ತಿಳಿಸಿದರು. ಅವುಗಳಲ್ಲೊಂದು ತೊಟ್ಟಿಯ ಅಡ್ಡಗಾಜನ್ನು ಹಾರಿ, ಮೂರು ಸಾವಿರ ರೂಪಾಯಿಯ ಒಂದು ಫ್ಲವರ್‌ಹಾರ್ನ್ ಮರಿಯನ್ನು ರಾತ್ರೋರಾತ್ರಿ ನುಂಗಿತ್ತು. ಆವತ್ತಿನಿಂದ ಅವರು ಕೆಂಪುಬಾಲವನ್ನು ತರಿಸುವುದನ್ನೇ ಬಿಟ್ಟಿದ್ದಾರೆ.